ಬಾಲ್ಕನಿಯ ತಿಗಣೆ

ಬೆಂಗಳೂರಿನ ಹಳೆಯ ಇಂದುಮತಿ ಟಾಕೀಸಿನ ಬಾಲ್ಕನಿಯಲ್ಲಿ ಒಂದು ತಿಗಣೆ ಇತ್ತು. ದೊಡ್ಡ ಮನುಷ್ಯರ ರಕ್ತವನ್ನಷ್ಟೇ ಕುಡಿದು ಬೆಳೆದ ಜಂಬ ಅದಕ್ಕೆ. ಮನೆಮನೆಗೂ ಟಿವಿ ಬಂದ ಮೇಲೆ ಬಾಲ್ಕನಿ ಖಾಲಿಯಾಯಿತು. ಹಸಿವು ತಾಳಲಾರದೆ ತಿಗಣೆ ಮೆಟ್ಟಿಲಿಳಿದು, ಪರದೆಯ ಮುಂದಿನ ಗಾಂಧಿ ಕ್ಲಾಸಿಗೆ ಬಂತು.

ಅಲ್ಲಿಯ ಬೆಂಚಿನ ತಿಗಣೆ ಉಪಚರಿಸಿತು: "ಬನ್ನಿ ಸ್ವಾಮಿ, ಊಟಕ್ಕೆ ಏಳಿ."

"ಕಂಡಕಂಡವರನ್ನು ಕಚ್ಚುವ ಅಭ್ಯಾಸ ನಮಗಿಲ್ಲ," ಎಂದಿತು ಬಾಲ್ಕನಿಯದು. ಆದರೆ ಹೊಟ್ಟೆ ಕೇಳಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಒಬ್ಬರ ತೊಡೆಗೆ ಬಾಯಿ ಹಾಕಿತು. ಹಾಕಿದ್ದೇ ರಕ್ತದ ರುಚಿಯ ಗುರುತು ಹತ್ತಿ ಬೆಚ್ಚಿಬಿತ್ತು.

"ಅಯ್ಯೋ, ಇವರು ನಮ್ಮ ವಕೀಲ ಪದ್ಮನಾಭರಾಯರು! ಬಾಲ್ಕನಿಯಲ್ಲಿ ಕೂತು, ಕೆಳಗಿನವರ ಗಲಾಟೆಗೆ ಮೂಗು ಮುರಿಯುತ್ತಿದ್ದವರು!"

"ಅದು ಹೆಂಡತಿ ಜೊತೆಗಿದ್ದಾಗ ಸ್ವಾಮಿ. ಒಬ್ಬರೇ ಬಂದರೆ ಮೊದಲಿನಿಂದಲೂ ಅವರ ಜಾಗ ಇದೇ."

ಅಷ್ಟರಲ್ಲಿ ಪರದೆಯ ಮೇಲೆ ಹೀರೋ ಬಂದ. ರಾಯರು ಬೆಂಚು ಹತ್ತಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದು ಕುಣಿದರು. ಮತ್ತೆ ಬಾಯಿ ಹಾಕಿದ್ದ ಬಾಲ್ಕನಿಯ ತಿಗಣೆ ಬಿಸಿರಕ್ತದ ಗುಟುಕಿನೊಡನೆ ನೆಲಕ್ಕೆ ಬಿತ್ತು.

"ಪೆಟ್ಟಾಯಿತೇ?" ಎಂದು ಬೆಂಚಿನದು ಕೇಳಿತು.

ಅದು ಅಂಗಾತ ಬಿದ್ದುಕೊಂಡೇ ಬಾಯಿ ಚಪ್ಪರಿಸಿತು: "ಇಷ್ಟು ವರ್ಷ ಇವರನ್ನು ನಾನು ಆರಿದ ಮೇಲೆ ಕುಡಿಯುತ್ತಿದ್ದೆನಲ್ಲಯ್ಯಾ!"