ಸಾವಿರ ಕಣ್ಣಿನ ಬಲೆ

"ಹ್ವಾಯ್, ಬಲೆಯ ಕಣ್ಣು ದೊಡ್ಡ ಮಾಡಿ."

ನನ್ನ ಹೆಂಡತಿ ಚಿಕ್ಕು ಕೊನೆಗೆ ಹೇಳಿದ ಮಾತು ಇದು. ಬಲೆ ಹೆಣೆಯುತ್ತಿದ್ದವಳು ಅವಳೇ. ಮೀನು ಕಮ್ಮಿಯಾದ ಹಾಗೆ, ಬೆರಳೂ ತೂರದಷ್ಟು ಸಣ್ಣ ಕಣ್ಣು ಹೆಣೆಸಿದವನು ನಾನು.

ಅವಳ ಉತ್ತರಕ್ರಿಯೆ, ಬೊಜ್ಜ ಮುಗಿಸಿ ಕಡಲಿಗೆ ಹೋದೆ. ಬಲೆ ಎಳೆದರೆ ಒಂದೇ ಒಂದು ಬಂಗುಡೆ ಮರಿ.

"ಬಲೆಯಣ್ಣ, ನಿನಗೆ ಕಣ್ಣೆಷ್ಟು?" ಎಂದು ಮರಿ ಕೇಳಿತು.

"ಸಾವಿರ. ನನ್ನಿಂದ ಯಾರೂ ತಪ್ಪಿಸಿಕೊಳ್ಳುವುದಿಲ್ಲ."

"ಹಾಗಾದರೆ ನನ್ನ ಹಿಂದೆ ಯಾರು ಬರುತ್ತಿದ್ದಾರೆ, ನೋಡಿ ಹೇಳು."

ಬಲೆ ಕಡಲನ್ನು ನೋಡಿತು. "ಯಾರೂ ಇಲ್ಲ."

"ಇರುವುದು ಹೇಗೆ? ಮೊಟ್ಟೆ ಇಡುವ ಮೊದಲೇ ನಮ್ಮನ್ನು ಹಿಡಿದೆ. ಸಾವಿರ ಕಣ್ಣಿದ್ದೂ ನಾಳೆಯನ್ನು ಕಾಣುವ ಕಣ್ಣು ನಿನಗೆ ಒಂದೂ ಇಲ್ಲ."

"ನನ್ನನ್ನು ಬೈಯಬೇಡ ಮಾರಾಯ," ಎಂದಿತು ಬಲೆ. "ಕಣ್ಣು ಸಣ್ಣ ಮಾಡಿಸಿದವನು ಇಲ್ಲೇ ಕೂತಿದ್ದಾನೆ. ಅವನನ್ನು ಕೇಳು."

ಎರಡೂ ನನ್ನನ್ನು ನೋಡಿದವು. ಮರಿಯನ್ನು ಬಿಡಿಸಿ ನೀರಿಗೆ ಬಿಟ್ಟೆ.

ಮಾರನೆ ಬೆಳಿಗ್ಗೆ ಅಂಗಳದಲ್ಲಿ ಕೂತು, ಚಿಕ್ಕು ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಆಮೇಲೆ ಅದೇ ದಾರದಲ್ಲಿ, ಮೂರು ಬೆರಳು ಅಳತೆ ಇಟ್ಟು, ಮೊದಲ ಕಣ್ಣು ಹೆಣೆದೆ.