ಮಂತ್ರಿಯ ಬಾಯಲ್ಲಿ ‘ಇಲ್ಲ’

ಐರ್ಲೆಂಡಿನ ಸಂಸತ್ತಿನ ಮೇಲ್ಮನೆಯಲ್ಲಿ ಒಬ್ಬ ಜವಾನನಿದ್ದ. ಮಾತಾಡಿ ಗಂಟಲು ಒಣಗಿದವರಿಗೆ ನೀರು ಕೊಡುವುದು ಅವನ ಕೆಲಸ. ಎಲ್ಲರಿಗಿಂತ ಹೆಚ್ಚು ನೀರು ಬೇಕಾಗುತ್ತಿದ್ದದ್ದು ವಿರೋಧ ಪಕ್ಷದ ಸೆನೆಟರ್ ಟೂಹಿಗೆ. ಒಂದು ದ್ವೀಪಕ್ಕೆ ಚಳಿಗಾಲದಲ್ಲಿ ಹೋಗುವ ದೋಣಿಯನ್ನು ಸರ್ಕಾರ ನಿಲ್ಲಿಸಲು ಹೊರಟಿತ್ತು. “ನಿಲ್ಲಿಸಬೇಡಿ” ಎಂದು ಟೂಹಿ ವಾರ ವಾರವೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಷ್ಟು ಹೊತ್ತೂ ಸಾರಿಗೆ ಮಂತ್ರಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಟೂಹಿ ಕೂತ ಕೂಡಲೇ ಎದ್ದು, “ಸರ್ಕಾರ ಇದನ್ನು ಒಪ್ಪುವುದಿಲ್ಲ” ಅನ್ನುತ್ತಿದ್ದರು. ಅವರ ಕಡೆಯವರು “ಭೇಷ್” ಅನ್ನುತ್ತಿದ್ದರು. ಕೇಳಿ ಕೇಳಿ ಜವಾನನಿಗೂ ಸಾಕಾಗಿತ್ತು. ಅವನ ಅಕ್ಕ ಇದ್ದದ್ದು ಆ ದ್ವೀಪದಲ್ಲೇ.

ಒಂದು ದಿನ ಟೂಹಿ ಅವನ ಮೇಲೆ ರೇಗಿದರು. “ಬರೀ ನೀರು ತಂದುಕೊಡ್ತೀಯಲ್ಲಯ್ಯ! ಆ ಮಂತ್ರಿ ಬಾಯಲ್ಲಿ ‘ಹೌದು’ ಅನ್ನಿಸೋಕೆ ದಾರಿ ಇದ್ರೆ ಹೇಳು ನೋಡೋಣ!”

“ಹೌದು ಅನ್ನೋದು ಅವರಿಂದ ಆಗೋಲ್ಲ ಸ್ವಾಮಿ,” ಎಂದ ಜವಾನ, ಸುಸ್ತಾದ ದನಿಯಲ್ಲಿ. “ಇಲ್ಲ ಅನ್ನೋದು ಚೆನ್ನಾಗಿ ಬರುತ್ತೆ. ಅದನ್ನೇ ಅನ್ನಿಸಿ.”

ಮುಂದಿನ ವಾರ ಟೂಹಿ ಎಂದಿನಂತೆ ಉದ್ದಕ್ಕೆ ಮಾತಾಡಿದರು. ಕೊನೆಗೆ, “ಆದ್ದರಿಂದ ಆ ದೋಣಿಯನ್ನು ನಿಲ್ಲಿಸಿಯೇಬಿಡಿ” ಎಂದು ಕೂತರು.

ಮಂತ್ರಿ ಎದ್ದರು. “ಸರ್ಕಾರ ಇದನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ!”

ಅವರ ಕಡೆಯವರು “ಭೇಷ್” ಅಂದರು. ಎದುರು ಸಾಲಿನವರು ಅದಕ್ಕಿಂತ ಜೋರಾಗಿ “ಭೇಷ್” ಅಂದಾಗಲೇ ಮಂತ್ರಿಗೆ ಎಚ್ಚರವಾದದ್ದು.

ತುಂಬಿದ ಸಭೆಯಲ್ಲಿ ಆಡಿದ ಮಾತು, ನುಂಗುವ ಹಾಗಿಲ್ಲ. ಮಂತ್ರಿ ಹೊರಗೆ ಬಂದು ಜವಾನನನ್ನು ಹಿಡಿದುಕೊಂಡರು. “ಅಲ್ಲೇ ನಿಂತಿದ್ದೆಯಲ್ಲ! ಆತ ಏನು ಕೇಳಿದ ಅಂತ ನನಗೊಂದು ಮಾತು ಹೇಳಬಾರದಿತ್ತೇ?”

ಜವಾನ ಖಾಲಿ ಲೋಟ ಎತ್ತಿಕೊಂಡ.

“ಕೇಳಿಸಿಕೊಳ್ಳೋ ಕೆಲಸ ನಿಮ್ಮದು ಸ್ವಾಮಿ. ನನ್ನದು ನೀರು ಕೊಡೋದು.”