ಎಲ್ಲ ತೊಟ್ಟಿ ಹಾದು ಬಂದ ನೀರು

ಇದ್ದಳೊಬ್ಬಳು ಹೊಂಬಾಳಮ್ಮ. ಅವಳಿಗಿದ್ದ ಒಬ್ಬನೇ ಮಗ, ಮುದ್ದೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಕೆಲಸಕ್ಕಿಟ್ಟುಕೊಂಡವರೆಲ್ಲ ವಾರ ತುಂಬುವ ಮೊದಲೇ ಓಡಿಸಿದ್ದರು. ಕೊನೆಗೆ, ಊರ ಚರಂಡಿ ನೀರನ್ನು ಶುದ್ಧಮಾಡಿ ಕುಡಿಯುವ ನಲ್ಲಿಗೆ ಬಿಡುವ ಹೊಸ ಘಟಕದಲ್ಲಿ ಕಾವಲಿನ ಕೆಲಸ ಸಿಕ್ಕಿತು.

"ಇದೊಂದನ್ನಾದರೂ ಉಳಿಸಿಕೊಳ್ಳೋ! ನನ್ನ ಮಂಡಿ ಹೋಯಿತು, ಇನ್ನು ಕೂಲಿಗೆ ಹೋಗೋಕಾಗಲ್ಲ. ಎಂಜಿನಿಯರ್ ಹೇಳಿದ ಹಾಗೆ ಕೇಳು!"

"ಕೇಳ್ತೀನವ್ವ!"

ಮೊದಲ ದಿನ ಊರ ಹೆಂಗಸರು ನೋಡಲು ಬಂದರು. "ಕೇಳಿದ್ದಕ್ಕೆ ಉತ್ತರ ಕೊಡು" ಅಂದಿದ್ದರು ಎಂಜಿನಿಯರ್.

"ಈ ನೀರು ಎಲ್ಲಿಂದ ಬಂತಪ್ಪ?"

"ನಿಮ್ಮ ಕಕ್ಕಸಿನಿಂದ ಅಕ್ಕಾ! ಇವರದೂ ಇದೆ, ಅವರದೂ ಇದೆ!"

ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ಓಡಿದರು.

ಎಂಜಿನಿಯರ್ ಗದರಿದರು. "ಲೋ ಮಂಕೇ! ಎಲ್ಲಿಂದ ಬಂತು ಅನ್ನೋದನ್ನ ಹೇಳಬಾರದು. ಈಗ ಶುದ್ಧವಾಗಿದೆ ಅನ್ನಬೇಕು!"

"ಹಂಗೇ ಅಂತೀನಿ ಸಾರ್!"

ಮಾರನೆಯ ದಿನ ಎಮ್ಮೆಯೊಂದು, ಶುದ್ಧವಾದ ನೀರು ಬಂದು ಸೇರುವ ಕೊನೆಯ ತೊಟ್ಟಿಗಿಳಿದು ಹಾಯಾಗಿ ಮಲಗಿತು.

"ಅಯ್ಯೋ, ಎಮ್ಮೆ ಎಲ್ಲಿಂದ ಬಂತೋ?"

"ಅದನ್ನ ಹೇಳಬಾರದು ಸಾರ್. ಈಗ ಶುದ್ಧವಾಗಿದೆ!"

ಎಂಜಿನಿಯರ್ ಹಣೆ ಚಚ್ಚಿಕೊಂಡರು. "ಈ ನೀರನ್ನೆಲ್ಲ ಮತ್ತೆ ಮೊದಲನೇ ತೊಟ್ಟಿಗೆ ಸುರಿ! ಎಲ್ಲ ತೊಟ್ಟಿ ಹಾದು ಬರದ ನೀರು ಇಲ್ಲಿ ಯಾರ ಬಾಯಿಗೂ ಹೋಗಕೂಡದು!"

"ಹೋಗಕೂಡದು ಸಾರ್!"

ಉದ್ಘಾಟನೆಯ ದಿನ ಪುರಸಭೆಯ ಅಧ್ಯಕ್ಷರು ಬಂದರು. ಊರೇ ನೆರೆಯಿತು.

"ಗಂಗೆಗಿಂತ ಪವಿತ್ರ ಈ ನೀರು! ನಿಮ್ಮೆದುರೇ ಕುಡೀತೀನಿ!" ಎಂದು ಅಧ್ಯಕ್ಷರು ಭಾಷಣ ಬಿಗಿದರು. ಅತ್ತ ಪರದೆಯ ಹಿಂದೆ ಅವರ ಶಿಷ್ಯ ಅಂಗಡಿಯ ಬಾಟಲಿ ಬಗ್ಗಿಸಿ ಬೆಳ್ಳಿ ಲೋಟ ತುಂಬಿಸಿದ. ಅದನ್ನು ಮುದ್ದೀರ ಕಂಡ. ಲೋಟ ಅಧ್ಯಕ್ಷರ ತುಟಿಗೆ ತಾಗುವಷ್ಟರಲ್ಲಿ ಹಾರಿ ಕಿತ್ತುಕೊಂಡ.

"ಕುಡೀಬೇಡಿ ಸಾರ್! ಇದು ಅಂಗಡಿ ಬಾಟಲಿದು, ನಮ್ಮ ತೊಟ್ಟಿ ಹಾದಿಲ್ಲ!"

ಓಡಿದ. ಕಪ್ಪಗೆ ನೊರೆಗಟ್ಟಿದ್ದ ಮೊದಲನೇ ತೊಟ್ಟಿಗೆ ಸುರಿದ.

"ನಾಳೆ ಸಂಜೆಗೆ ಶುದ್ಧವಾಗಿ ಬರುತ್ತೆ. ಅಲ್ಲೀತನಕ ಕೂತಿರಿ ಸಾರ್!"

ಜನ ಕೇಕೆ ಹಾಕಿದರು. "ಯಾಕೆ ಅಧ್ಯಕ್ಷರೇ, ಗಂಗೆ ಗಂಟಲಲ್ಲಿ ಇಳಿಯಲ್ವಾ?" "ನಮಗೆ ಚರಂಡಿ, ನಿಮಗೆ ಬಾಟಲಿಯಾ?" ಅಧ್ಯಕ್ಷರು ಕಾರಿನೊಳಗೆ ನುಸುಳಿದರು.

ಎಂಜಿನಿಯರ್ ಮುದ್ದೀರನ ಕೈಯಿಂದ ಖಾಲಿ ಲೋಟ ಕಸಿದುಕೊಂಡರು. "ಹಾಳಾದೋನೇ! ನಾಳೆಯಿಂದ ಇಲ್ಲಿಗೆ ಬರಬೇಡ!"

"ಆಗಲಿ ಸಾರ್, ಬರಲ್ಲ!"

ಮರುದಿನ ಬೆಳಿಗ್ಗೆಯಾದರೂ ಮಗ ಮನೆಗೆ ಬರಲಿಲ್ಲ. ಹೊಂಬಾಳಮ್ಮ ಕುಂಟುತ್ತ ಹುಡುಕಿಕೊಂಡು ಬಂದಳು. ಗೇಟಿನೊಳಗೆ ಕಾವಲಿನ ಕುರ್ಚಿಯ ಮೇಲೆ ಮುದ್ದೀರ ಗಟ್ಟಿಯಾಗಿ ಕೂತಿದ್ದ.

"ಕೆಲಸ ಹೋಯಿತಂತಲ್ಲೋ ನನ್ನಪ್ಪಾ! ಇನ್ನೂ ಯಾಕೆ ಕೂತಿದ್ದೀಯ? ನಡಿ ಮನೆಗೆ!"

"ಮನೆಗೆ ಹೋದರೆ ತಾನೆ ಮತ್ತೆ ಬರಬೇಕು? ಬರಬೇಡ ಅಂದಿದ್ದಾರೆ ಕಣವ್ವ. ಅದಕ್ಕೇ ಹೋಗಲೇ ಇಲ್ಲ!"